ಟೆಸ್ಲಾ ಜೀವನಚರಿತ್ರೆಯ ಪುಟಗಳಲ್ಲಿ ಮೋಟಾರ್ ತಿರುಗುತ್ತದೆಯೇ?

ವಿದ್ಯುತ್ ಯಂತ್ರ ಕಟ್ಟಿದವನ ಜೀವನಚರಿತ್ರೆ ಕೊಳ್ಳುವಾಗ ಮೊದಲು ತೆರೆದು ನೋಡಬೇಕಾದದ್ದು ಬಾಲ್ಯದ ಅಧ್ಯಾಯವನ್ನಲ್ಲ, ಯಂತ್ರದ ಅಧ್ಯಾಯವನ್ನು. ಅಲ್ಲಿ ಲೇಖಕರು ‘ಮಿಂಚಿನಂತೆ ಹೊಳೆಯಿತು’ ಎಂದಷ್ಟೇ ಬರೆದು ಮುಂದಿನ ಪುಟದಲ್ಲಿ ಪೇಟೆಂಟ್ ಕೊಡಿಸಿಬಿಟ್ಟಿದ್ದರೆ ಪುಸ್ತಕವನ್ನು ಅಲ್ಲಿಗೇ ಮುಚ್ಚಬಹುದು. ಹೊಳೆದದ್ದಕ್ಕೂ ಪೇಟೆಂಟಿಗೂ ನಡುವೆ ಐದಾರು ವರ್ಷಗಳ ಕಬ್ಬಿಣ, ತಾಮ್ರ, ಹಣ, ತಪ್ಪು ಲೆಕ್ಕ ಇರುತ್ತದೆ. ಓದುವ ಲಾಭವೆಲ್ಲ ಅಲ್ಲೇ ಇರುವುದು. ನಿಕೋಲಾ ಟೆಸ್ಲಾನ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಡಬ್ಲ್ಯು. ಬರ್ನಾರ್ಡ್ ಕಾರ್ಲ್‌ಸನ್ ಅವರ ‘ಟೆಸ್ಲಾ: ಇನ್ವೆಂಟರ್ ಆಫ್ ದಿ ಎಲೆಕ್ಟ್ರಿಕಲ್ ಏಜ್’ ಗೆಲ್ಲುತ್ತದೆ. ಎಲ್ಲ ಕಡೆಯೂ ಅಲ್ಲ, ಆದರೆ ಗೆಲ್ಲಬೇಕಾದ ಕಡೆ ಗಟ್ಟಿಯಾಗಿಯೇ ಗೆಲ್ಲುತ್ತದೆ.

ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್ 2013ರಲ್ಲಿ ಹೊರತಂದ, ಸುಮಾರು 500 ಪುಟಗಳ ಪುಸ್ತಕ ಇದು. ಕಾರ್ಲ್‌ಸನ್ ತಂತ್ರಜ್ಞಾನದ ಇತಿಹಾಸಕಾರರು. ಇದಕ್ಕೂ ಮೊದಲು, 1991ರಲ್ಲಿ, ಟೆಸ್ಲಾನ ಸಮಕಾಲೀನನೂ ಪ್ರತಿಸ್ಪರ್ಧಿಯೂ ಆಗಿದ್ದ ಎಲಿಹು ಥಾಮ್ಸನ್ ಬಗ್ಗೆ ಬರೆದವರು. ಆ ತಯಾರಿ ಇಲ್ಲಿ ಎದ್ದು ಕಾಣುತ್ತದೆ. ಟೆಸ್ಲಾನನ್ನು ಒಂಟಿ ಮಾಂತ್ರಿಕನಂತೆ ನಿಲ್ಲಿಸದೆ, ಅದೇ ಕಾಲದಲ್ಲಿ ಅದೇ ಸಮಸ್ಯೆಗೆ ತಲೆ ಕೊಟ್ಟಿದ್ದ ಹತ್ತಾರು ಜನರ ನಡುವೆ ಇಟ್ಟು ನೋಡುತ್ತಾರೆ. ಪತ್ರಿಕೆಯ ಸಂದರ್ಶನಗಳಿಗಿಂತ ಪೇಟೆಂಟ್ ಮೊಕದ್ದಮೆಗಳಲ್ಲಿ ಟೆಸ್ಲಾ ಕೊಟ್ಟ ಸಾಕ್ಷ್ಯವನ್ನು ಹೆಚ್ಚು ನಂಬುತ್ತಾರೆ. ಸರಿಯಾದ ಆಯ್ಕೆ ಅದು. ಎದುರು ಪಕ್ಷದ ವಕೀಲ ಪಾಟಿಸವಾಲಿಗೆ ಕೂತಿರುವಾಗ ಯಾವ ಸುರುಳಿಯನ್ನು ಯಾವುದರ ಮೇಲೆ ಸುತ್ತಿದೆ ಎಂದು ವಿವರವಾಗಿ ಹೇಳಲೇಬೇಕಾಗುತ್ತದೆ. ಸಂದರ್ಶನದಲ್ಲಿ ಆ ಒತ್ತಾಯ ಇರುವುದಿಲ್ಲ.

ಇಡೀ ಪುಸ್ತಕವನ್ನು ಎರಡು ಮಾತುಗಳು ಹೊತ್ತಿವೆ. ಒಂದು ‘ಐಡಿಯಲ್’. ಇದನ್ನು ‘ಆದರ್ಶ’ ಎಂದು ಓದಿಕೊಂಡರೆ ದಾರಿ ತಪ್ಪುತ್ತದೆ. ಯಂತ್ರದ ಹಿಂದಿರುವ ಶುದ್ಧ ತತ್ತ್ವ, ಮೂಲರೂಪ ಎಂಬುದು ಹತ್ತಿರದ ಅರ್ಥ. ಮೋಟಾರಿನ ಮಟ್ಟಿಗೆ ತಿರುಗುವ ಕಾಂತಕ್ಷೇತ್ರವೇ ಆ ಮೂಲರೂಪ. ಇನ್ನೊಂದು ‘ಇಲ್ಯೂಷನ್’, ಅಂದರೆ ಹಣ ಹೂಡುವವರ, ಪತ್ರಕರ್ತರ, ಸಭಿಕರ ಮನಸ್ಸಿನಲ್ಲಿ ಆ ತತ್ತ್ವಕ್ಕೊಂದು ಆಸೆಯ ಚಿತ್ರ ಕಟ್ಟಿಕೊಡುವ ಕೆಲಸ. ಟೆಸ್ಲಾನಿಗೆ ಎರಡೂ ಒಲಿದಿದ್ದವು. ಮೊದಲನೆಯದು ಕೈಕೊಟ್ಟಾಗ ಎರಡನೆಯದು ಅವನನ್ನೇ ನುಂಗಿತು ಎಂಬುದು ಕಾರ್ಲ್‌ಸನ್ ವಾದದ ತಿರುಳು. ಜೊತೆಗೆ ವ್ಯವಹಾರದ ಒಂದು ಸೂತ್ರವೂ ಇದೆ: ಪೇಟೆಂಟ್ ಮಾಡಿಸು, ಪ್ರಚಾರ ಕೊಡು, ಮಾರು. ಸ್ವಂತ ಕಾರ್ಖಾನೆ ಹಾಕುವ ಯೋಚನೆ ಅದರಲ್ಲಿ ಇರಲಿಲ್ಲ. ಮುಂದೆ ಆದ ಲಾಭ, ಆದ ನಷ್ಟ ಎರಡನ್ನೂ ಈ ಸೂತ್ರ ಹಿಡಿದು ವಿವರಿಸಬಹುದು.

1882ರ ಫೆಬ್ರವರಿ, ಬುಡಾಪೆಸ್ಟಿನ ಉದ್ಯಾನ, ಗೆಳೆಯ ಸಿಗೆತಿಯ ಜೊತೆ ಸಂಜೆಯ ನಡಿಗೆ, ಜರ್ಮನ್ ಕವಿ ಗಯಟೆಯ ಸಾಲುಗಳು, ಥಟ್ಟನೆ ಕಣ್ಣ ಮುಂದೆ ಮೋಟಾರು: ಈ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಮೂಲ ಟೆಸ್ಲಾನ ಬಾಯಿಂದಲೇ ಬಂದದ್ದು. ಕಾರ್ಲ್‌ಸನ್ ಕೇಳುವುದು ಒಂದೇ ಪ್ರಶ್ನೆ: ಆ ದಿನ ಅವನಿಗೆ ನಿಜಕ್ಕೂ ಗೊತ್ತಾದದ್ದು ಎಷ್ಟು? ಅವರ ಉತ್ತರ, ಅರ್ಧ ಮಾತ್ರ. ಅಂದಿನ ಮೋಟಾರುಗಳಲ್ಲಿ ಹೊರಗಿನ ಕಾಂತಕ್ಷೇತ್ರ ನಿಂತಿರುತ್ತಿತ್ತು. ಒಳಗೆ ತಿರುಗುವ ಭಾಗದ ಧ್ರುವಗಳನ್ನು ಕಮ್ಯುಟೇಟರ್ ಮತ್ತು ಬ್ರಷ್ಷುಗಳು ಅದಲುಬದಲು ಮಾಡುತ್ತಿದ್ದವು. ಟೆಸ್ಲಾ ಇದನ್ನು ತಿರುವು ಹಾಕಿದ: ಹೊರಗಿನ ಕ್ಷೇತ್ರವೇ ತಿರುಗಲಿ, ಒಳಗಿನದು ಅದರ ಬೆನ್ನು ಹತ್ತಲಿ. ಆದರೆ ಆ ಕ್ಷೇತ್ರವನ್ನು ತಿರುಗಿಸುವುದು ಹೇಗೆ? ಹಂತ ವ್ಯತ್ಯಾಸವಿರುವ, ಅಂದರೆ ಒಂದರ ಏರಿಳಿತ ಇನ್ನೊಂದಕ್ಕಿಂತ ತುಸು ತಡವಾಗಿ ಬರುವ, ಎರಡು ಪರ್ಯಾಯ ವಿದ್ಯುತ್ (ಎಸಿ) ಪ್ರವಾಹಗಳಿಂದ ಎಂಬ ಪೂರ್ಣ ಉತ್ತರ ಕೈಗೆ ಸಿಕ್ಕಿದ್ದು ಆಮೇಲೆ, ಕೆಲಸ ಮಾಡುತ್ತ ಮಾಡುತ್ತ.

ಇದಕ್ಕೆ ಪುಸ್ತಕ ಕೊಡುವ ಒಳ್ಳೆಯ ಸಾಕ್ಷಿ 1883ರ ಸ್ಟ್ರಾಸ್‌ಬರ್ಗಿನ ಮೊದಲ ಮಾದರಿ. ಸುರುಳಿಯನ್ನು ಸುತ್ತಿದ್ದು ಹಿತ್ತಾಳೆಯ ಮೇಲೆ. ಪ್ರವಾಹ ಹರಿಸಿದರೂ ಪಕ್ಕದ ಲೋಹದ ತಟ್ಟೆ ಅಲುಗಲಿಲ್ಲ. ಕೊನೆಗೆ ಸುರುಳಿಯೊಳಗೆ ಉಕ್ಕಿನ ಅರವೊಂದನ್ನು ತುರುಕಿ, ಅದರ ಜಾಗವನ್ನು ಹಿಂದೆ ಮುಂದೆ ಸರಿಸಿ ನೋಡಿದ ಮೇಲೆ ತಟ್ಟೆ ತಿರುಗಿತು. ಕಾರಣ ಸರಳ. ಕಾಂತರೇಖೆಗಳ ಮಟ್ಟಿಗೆ ಹಿತ್ತಾಳೆ ಗಾಳಿಗಿಂತ ಹೆಚ್ಚೇನಲ್ಲ; ಅದೇ ಪ್ರವಾಹ ಉಕ್ಕಿನಲ್ಲಿ ನೂರಾರು ಪಟ್ಟು ಹೆಚ್ಚು ಕಾಂತತ್ವ ಎಬ್ಬಿಸುತ್ತದೆ. ಕ್ಷೇತ್ರ ಬಲವಾದರೆ ಮಾತ್ರ ತಟ್ಟೆಯಲ್ಲಿ ಪ್ರೇರಿತವಾಗಿ ಲೋಹದೊಳಗೇ ಸುಳಿಯಂತೆ ಸುತ್ತುವ ಸುಳಿ ಪ್ರವಾಹಕ್ಕೆ ತಟ್ಟೆಯನ್ನು ನೂಕುವ ಶಕ್ತಿ ಬರುತ್ತದೆ. ಇಡೀ ಯಂತ್ರ ತಲೆಯೊಳಗೇ ಕೊನೆಯ ತಿರುಪಿನವರೆಗೆ ಸಿದ್ಧವಾಗಿತ್ತು ಎಂಬ ಪ್ರಸಿದ್ಧ ಮಾತು ಈ ಒಂದು ಅರದ ಮುಂದೆ ನಿಲ್ಲುವುದಿಲ್ಲ. ಟೆಸ್ಲಾ ಇದರಿಂದ ಸಣ್ಣವನಾಗುವುದೂ ಇಲ್ಲ. ಕೈಯಲ್ಲಿ ಅರ ಹಿಡಿದ ಟೆಸ್ಲಾನಿಂದ ಕಲಿಯಲು ಹೆಚ್ಚಿದೆ.

ಮೋಟಾರಿನ ಅಧ್ಯಾಯಗಳಿಗೆ ಬರುವ ಮೊದಲು ಓದುಗರು ಒಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನೂರು ಪುಟ ಬರೀ ಹೆಸರುಗಳಾಗಿ ಕಳೆಯುತ್ತವೆ. ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯಿರಿ. ಅಡ್ಡಗೆರೆ ಮೊದಲ ಜೋಡಿ ಸುರುಳಿಯ ಕ್ಷೇತ್ರ, ಉದ್ದಗೆರೆ ಎರಡನೆಯದರದ್ದು. ಎರಡೂ ಪ್ರವಾಹಗಳ ನಡುವೆ 90 ಡಿಗ್ರಿ ಅಂತರ ಇರಲಿ. 0 ಡಿಗ್ರಿಯಲ್ಲಿ ಮೊದಲನೆಯದು ಪೂರ್ಣ, ಅಂದರೆ 1, ಎರಡನೆಯದು ಸೊನ್ನೆ. ಮೊತ್ತದ ಬಾಣ ಅಡ್ಡಕ್ಕೆ ಬೀಳುತ್ತದೆ. 45 ಡಿಗ್ರಿಯಲ್ಲಿ ಎರಡೂ 0.707, ಬಾಣ ಓರೆಯಾಗುತ್ತದೆ, ಉದ್ದ ಮಾತ್ರ ಮತ್ತೆ 1. 90 ಡಿಗ್ರಿಯಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು 1. ಬಾಣ ನೆಟ್ಟಗೆ ನಿಲ್ಲುತ್ತದೆ. 135ರಲ್ಲಿ ಮೊದಲನೆಯದು ಋಣ 0.707, ಎರಡನೆಯದು ಧನ 0.707, ಬಾಣ ಆಚೆ ಬದಿಗೆ ವಾಲುತ್ತದೆ. ಹೀಗೆ ಎಂಟು ಹೆಜ್ಜೆ ಹಾಕಿದರೆ ಬಾಣ ಉದ್ದ ಬದಲಿಸದೆ ಒಂದು ಸುತ್ತು ಮುಗಿಸುತ್ತದೆ. ಯಾವ ಲೋಹವೂ ಅಲ್ಲಾಡಿಲ್ಲ, ಆದರೆ ಕ್ಷೇತ್ರ ತಿರುಗಿದೆ.

ಈಗ ಇದನ್ನು ಬೇಕೆಂದೇ ಕೆಡಿಸಿ ನೋಡಿ. ಎರಡೂ ಪ್ರವಾಹಗಳನ್ನು ಒಂದೇ ಹಂತದಲ್ಲಿಟ್ಟರೆ ಬಾಣ 45 ಡಿಗ್ರಿಯ ಗೆರೆಯ ಮೇಲೇ 1.41ರಿಂದ ಸೊನ್ನೆಗಿಳಿದು ಆ ಕಡೆಗೆ 1.41ರವರೆಗೆ ಹೋಗಿ ಬರುತ್ತದೆ. ತಿರುಗುವುದಿಲ್ಲ, ಬರೀ ಮಿಡಿಯುತ್ತದೆ. ಮೋಟಾರು ಗುಂಯ್‌ಗುಟ್ಟುತ್ತ ಬಿಸಿಯಾಗುತ್ತದೆ. ಒಂದು ಪ್ರವಾಹ ದುರ್ಬಲವಾಗಿದ್ದರೆ ಬಾಣದ ತುದಿ ವೃತ್ತದ ಬದಲು ಅಂಡಾಕಾರ ಬಿಡಿಸುತ್ತದೆ; ಮೋಟಾರು ತಿರುಗುತ್ತದೆ, ಆದರೆ ನಡುಗುತ್ತ. ಒಂದು ಜೋಡಿಯ ಎರಡು ತುದಿಗಳನ್ನು ಅದಲುಬದಲಾಗಿ ಜೋಡಿಸಿದರೆ ಬಾಣ ಹಿಮ್ಮುಖ ಸುತ್ತುತ್ತದೆ. ಟೆಸ್ಲಾನ ಪೇಟೆಂಟ್ 381,968ರ ಮೊದಲ ಚಿತ್ರಗಳಲ್ಲಿ ಇರುವುದೂ ಇದೇ ಎಂಟು ಹೆಜ್ಜೆಗಳು: ಒಂದು ಕಡೆ ಜನರೇಟರು, ಇನ್ನೊಂದು ಕಡೆ ಉಂಗುರ, ನಡುವೆ ಧ್ರುವದ ಜಾಗ ತೋರಿಸುವ ಬಾಣ. ಪುಸ್ತಕದ ಪಕ್ಕದಲ್ಲಿ ಆ ಪೇಟೆಂಟಿನ ಮುದ್ರಿತ ಹಾಳೆ ಇಟ್ಟುಕೊಂಡು ಓದಿದರೆ ಅಧ್ಯಾಯದ ತೂಕವೇ ಬೇರೆ.

1887ರ ಲಿಬರ್ಟಿ ಸ್ಟ್ರೀಟಿನ ಪ್ರಯೋಗಾಲಯದ ಭಾಗ ಪುಸ್ತಕದಲ್ಲಿ ಅತ್ಯುತ್ತಮವಾದದ್ದು. ಪದರ ಪದರ ಕಬ್ಬಿಣದ ಉಂಗುರ, ಅದರ ಮೇಲೆ ನಾಲ್ಕು ಸುರುಳಿ, ಎರಡು ಬೇರೆ ಬೇರೆ ಪ್ರವಾಹ ಕೊಡುವಂತೆ ತಿದ್ದಿದ ಜನರೇಟರು. ಒಳಗೆ ತಿರುಗುವ ಭಾಗದ, ಅಂದರೆ ರೋಟರಿನ, ಬದಲಿಗೆ ಸೂಜಿಯ ಮೊನೆಯ ಮೇಲೆ ತೂಗಿಸಿಟ್ಟ ಬೂಟ್ ಪಾಲಿಷ್ ಡಬ್ಬಿ. ಡಬ್ಬಿ ತಿರುಗಿತು. ಕಮ್ಯುಟೇಟರ್ ಇಲ್ಲ, ಬ್ರಷ್ ಇಲ್ಲ, ಡಬ್ಬಿಗೆ ತಂತಿಯ ಸಂಪರ್ಕವೂ ಇಲ್ಲ. ಕಬ್ಬಿಣವನ್ನು ಪದರಗಳಾಗಿ ಏಕೆ ಕತ್ತರಿಸಬೇಕು ಎಂಬುದು ಇಲ್ಲಿ ಮುಖ್ಯ. ಗಟ್ಟಿ ಉಂಗುರವಾದರೆ ಸುಳಿ ಪ್ರವಾಹ ಉಂಗುರದೊಳಗೇ ಹರಿದು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ತೆಳು ತಗಡುಗಳ ನಡುವೆ ನಿರೋಧಕ ಪದರವಿದ್ದರೆ ಆ ಸುಳಿಗಳ ದಾರಿ ತುಂಡಾಗುತ್ತದೆ. ಸುಳಿ ಪ್ರವಾಹ ಡಬ್ಬಿಯಲ್ಲಿ ಬೇಕು, ಉಂಗುರದಲ್ಲಿ ಬೇಡ. ಯಂತ್ರದ ಮರ್ಮವೆಲ್ಲ ಈ ಭೇದದಲ್ಲಿದೆ.

ಹಣ ಹಾಕಿದ ಚಾರ್ಲ್ಸ್ ಪೆಕ್ ಮತ್ತು ಆಲ್ಫ್ರೆಡ್ ಬ್ರೌನ್ ಇಬ್ಬರಿಗೂ ಕಾರ್ಲ್‌ಸನ್ ಸಲ್ಲಬೇಕಾದ ಜಾಗ ಕೊಡುತ್ತಾರೆ. ಬೇರೆ ಕಡೆ ಈ ಹೆಸರುಗಳು ಒಂದು ಸಾಲಿನಲ್ಲಿ ಬಂದು ಹೋಗುತ್ತವೆ. ಪರ್ಯಾಯ ವಿದ್ಯುತ್ತಿನಲ್ಲಿ ನಂಬಿಕೆಯಿಲ್ಲದ ಪೆಕ್‌ಗೆ ಟೆಸ್ಲಾ ತಾಮ್ರ ಲೇಪಿಸಿದ ಮೊಟ್ಟೆಯೊಂದನ್ನು ತಿರುಗುವ ಕ್ಷೇತ್ರದಲ್ಲಿಟ್ಟು, ಅದು ಗಿರಗಿರನೆ ಸುತ್ತಿ ತುದಿಯ ಮೇಲೆ ನಿಲ್ಲುವುದನ್ನು ತೋರಿಸಿದ. ಕೊಲಂಬಸ್ ಮೊಟ್ಟೆಯನ್ನು ತುದಿಯ ಮೇಲೆ ನಿಲ್ಲಿಸಿ ತೋರಿಸಿದ ಹಳೆಯ ಕಥೆ ಗೊತ್ತಿದ್ದ ಪೆಕ್ ಒಪ್ಪಿದ. ಮೂಲರೂಪ ಮತ್ತು ಆಸೆಯ ಚಿತ್ರ ಒಂದೇ ಮೇಜಿನ ಮೇಲೆ ಕೂಡಿದ ಕ್ಷಣ ಅದು. ಯಾವುದನ್ನು ಪೇಟೆಂಟ್ ಮಾಡಿಸಬೇಕು, ಯಾವಾಗ ಬಾಯಿ ಬಿಡಬೇಕು, ಯಾರಿಗೆ ಮಾರಬೇಕು ಎಂದು ಹೇಳಿಕೊಡುತ್ತಿದ್ದದ್ದೂ ಇವರೇ. 1888ರ ಮೇ 1ರಂದು ಪೇಟೆಂಟುಗಳು ಬಂದವು, ಮೇ 16ರಂದು ಕೊಲಂಬಿಯಾ ಕಾಲೇಜಿನಲ್ಲಿ ಉಪನ್ಯಾಸ, ಜುಲೈನಲ್ಲಿ ವಿದ್ಯುತ್ ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್ ಜೊತೆ ಒಪ್ಪಂದ, ಅಶ್ವಶಕ್ತಿಗೆ 2.50 ಡಾಲರ್ ರಾಯಧನ. ಮೂರು ತಿಂಗಳೊಳಗೆ ಮುಗಿದ ಈ ಓಟದ ಹಿಂದೆ ಯೋಜನೆ ಇತ್ತು. 1890ರಲ್ಲಿ ಪೆಕ್ ತೀರಿಕೊಂಡ. ಆಮೇಲೆ ಟೆಸ್ಲಾನ ಕೈ ಹಿಡಿದು ‘ಸಾಕು, ಇದನ್ನು ಮಾರೋಣ’ ಎನ್ನುವವರು ಇಲ್ಲವಾದರು ಎಂಬ ಕಾರ್ಲ್‌ಸನ್ ಗಮನಿಕೆ ಮುಂದಿನ ಮುನ್ನೂರು ಪುಟಗಳಿಗೆ ಬೀಗದ ಕೈ.

ವೆಸ್ಟಿಂಗ್‌ಹೌಸ್ ಕಂಪನಿಯ ಊರಾದ ಪಿಟ್ಸ್‌ಬರ್ಗಿನ ಭಾಗದಲ್ಲಿ ಓದುಗರು ಪೆನ್ಸಿಲ್ ಕೆಳಗಿಡಬಾರದು. ವೆಸ್ಟಿಂಗ್‌ಹೌಸ್ ಕಂಪನಿಯ ದೀಪದ ಜಾಲ ಆಗ ನಿಮಿಷಕ್ಕೆ 16,000 ತಿರುವುಗಳದ್ದು; ಒಂದು ಪೂರ್ಣ ಆವರ್ತಕ್ಕೆ ಎರಡು ತಿರುವು, ಹಾಗಾಗಿ ಇಂದಿನ ಮಾತಿನಲ್ಲಿ 133⅓ ಹರ್ಟ್ಸ್. ಅದು ಏಕ ಹಂತದ ಜಾಲ, ಎರಡೇ ತಂತಿ. ಟೆಸ್ಲಾ ಮೋಟಾರಿಗೆ ಬೇಕಿದ್ದದ್ದು ಎರಡು ಹಂತ, ಕಡಿಮೆ ಆವರ್ತನ. ಕ್ಷೇತ್ರ ತಿರುಗುವ ವೇಗದ ಸೂತ್ರ ಸುಲಭ: ಆವರ್ತನವನ್ನು 120ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಧ್ರುವಕ್ಕೆ 133⅓ ಹರ್ಟ್ಸಿನಲ್ಲಿ ನಿಮಿಷಕ್ಕೆ 4,000 ಸುತ್ತು. ಅಂದಿನ ಬೇರಿಂಗು, ಬೆಲ್ಟುಗಳಿಗೆ ಅದು ತೀರ ಹೆಚ್ಚು. 1,000 ಸುತ್ತಿಗೆ ಇಳಿಸಬೇಕಾದರೆ 16 ಧ್ರುವ ಬೇಕು, ಸಣ್ಣ ಮೋಟಾರಿನಲ್ಲಿ ಅಷ್ಟು ಸುರುಳಿಗೆ ಜಾಗವಿಲ್ಲ. ಮೇಲಾಗಿ ಸುರುಳಿಯ ಪ್ರೇರಕ ತಡೆ, ಅಂದರೆ ಬದಲಾಗುವ ಪ್ರವಾಹಕ್ಕೆ ಸುರುಳಿ ಒಡ್ಡುವ ಅಡ್ಡಿ, ಆವರ್ತನದ ಜೊತೆಗೇ ಏರುತ್ತದೆ. ಪ್ರವಾಹ ವೋಲ್ಟೇಜಿನಿಂದ ಹಿಂದೆ ಬಿದ್ದು ಮೋಟಾರು ಎಳೆಯುವ ಬಲ ಕುಗ್ಗುತ್ತದೆ. 60 ಹರ್ಟ್ಸಿನಲ್ಲಿ ಅದೇ ನಾಲ್ಕು ಧ್ರುವಕ್ಕೆ 1,800 ಸುತ್ತು. ಹೊರೆ ಹೊತ್ತಾಗ ರೋಟರ್ ಸ್ವಲ್ಪ ಹಿಂದೆ ಬಿದ್ದು 1,750ರ ಆಸುಪಾಸು. ಆ ಹಿಂದೆ ಬೀಳುವಿಕೆ, ಅಂದರೆ ಸ್ಲಿಪ್, ದೋಷವಲ್ಲ. ರೋಟರ್ ಕ್ಷೇತ್ರದ ಸಮಕ್ಕೆ ಓಡಿದರೆ ಅದರಲ್ಲಿ ಪ್ರವಾಹವೇ ಪ್ರೇರಿತವಾಗುವುದಿಲ್ಲ, ಬಲವೂ ಹುಟ್ಟುವುದಿಲ್ಲ.

ಹೀಗಾಗಿ ಪೇಟೆಂಟ್ ಕೊಂಡ ಕಂಪನಿಗೆ ಮೋಟಾರು ಮಾರಲು ವರ್ಷಗಳೇ ಹಿಡಿದವು. ಚಾರ್ಲ್ಸ್ ಸ್ಕಾಟ್, ಬೆಂಜಮಿನ್ ಲ್ಯಾಮ್ ಮುಂತಾದ ಎಂಜಿನಿಯರುಗಳು ವೈಂಡಿಂಗನ್ನು, ಆವರ್ತನವನ್ನು, ಜಾಲವನ್ನೇ ಬದಲಿಸಿದ ಮೇಲೆ ಅದು ಬಳಕೆಯ ಸರಕಾಯಿತು. ‘ಟೆಸ್ಲಾ ಕೊಟ್ಟ, ಜಗತ್ತು ಹಚ್ಚಿಕೊಂಡಿತು’ ಎಂಬ ಸರಳ ಕಥೆ ನಂಬಿದವರಿಗೆ ಈ ಭಾಗ ಕಹಿಯಾಗಬಹುದು, ಆದರೆ ಇದೇ ನಿಜವಾದ ಎಂಜಿನಿಯರಿಂಗ್.

ನಯಾಗರಾ ಜಲಪಾತದ ವಿದ್ಯುತ್ ಕೇಂದ್ರದ ಆವರ್ತನದ ಜಗ್ಗಾಟವನ್ನೂ ಇದೇ ಸೂತ್ರ ಹಿಡಿದು ಬಿಡಿಸಬಹುದು. ನೀರಿನ ಟರ್ಬೈನುಗಳ ವೇಗ ನಿಮಿಷಕ್ಕೆ 250 ಸುತ್ತು ಎಂದು ಮೊದಲೇ ನಿಗದಿಯಾಗಿತ್ತು. ಸಲಹೆಗಾರ ಜಾರ್ಜ್ ಫೋರ್ಬ್ಸ್ ಎಂಟು ಧ್ರುವ ಅಂದ. 16⅔ ಹರ್ಟ್ಸ್ ಬರುತ್ತದೆ, ದೀಪ ಕಣ್ಣಿಗೆ ಮಿಣುಕುತ್ತದೆ. ವೆಸ್ಟಿಂಗ್‌ಹೌಸ್ ಎಂಜಿನಿಯರುಗಳು ಹದಿನಾರು ಅಂದರು, 33⅓ ಹರ್ಟ್ಸ್. ನಡುವೆ ಹನ್ನೆರಡಕ್ಕೆ ರಾಜಿಯಾಯಿತು: 25 ಹರ್ಟ್ಸ್, ಎರಡು ಹಂತ, ಒಂದೊಂದು ಜನರೇಟರು 5,000 ಅಶ್ವಶಕ್ತಿ. 1895ರಲ್ಲಿ ಕೇಂದ್ರ ಚಾಲೂ ಆಯಿತು, 1896ರ ನವೆಂಬರಿನಲ್ಲಿ ಬಫಲೋ ನಗರಕ್ಕೆ ವಿದ್ಯುತ್ ಹೋಯಿತು. ಹೋದದ್ದು ಮೂರು ಹಂತದಲ್ಲಿ. ಎರಡು ಹಂತವನ್ನು ಮೂರಾಗಿ ಪರಿವರ್ತಿಸಿದ್ದು ಸ್ಕಾಟ್ ಹೆಸರಿನ ಟ್ರಾನ್ಸ್‌ಫಾರ್ಮರ್ ಜೋಡಣೆ. ಎರಡು ಹಂತದ ನಾಲ್ಕು ತಂತಿಯ ಸಾಲಿಗೆ ಬೇಕಾಗುವ ತಾಮ್ರದಲ್ಲಿ ಮುಕ್ಕಾಲು ಪಾಲು ಇದ್ದರೆ, ತಂತಿಗಳ ನಡುವಣ ವೋಲ್ಟೇಜ್ ಅಷ್ಟೇ ಇಟ್ಟು, ನಷ್ಟವೂ ಅಷ್ಟೇ ಇಟ್ಟು, ಮೂರು ಹಂತದ ಮೂರು ತಂತಿಯಲ್ಲಿ ಅದೇ ಶಕ್ತಿ ಸಾಗಿಸಬಹುದು. ಮೈಲುಗಟ್ಟಲೆ ತಾಮ್ರ ಎಳೆಯುವವರಿಗೆ ಕಾಲು ಪಾಲು ಉಳಿತಾಯ ಸಣ್ಣದಲ್ಲ.

ಮೂರು ಹಂತದ ಮಾತು ಬಂದಾಗ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿಯ ಹೆಸರು ಬರಲೇಬೇಕು. ಜರ್ಮನಿಯ ಎಇಜಿ ಕಂಪನಿಯಲ್ಲಿ 1889ರ ಹೊತ್ತಿಗೆ ಪಂಜರ ರೋಟರಿನ (ಪಂಜರದಂತೆ ಸರಳುಗಳನ್ನು ಜೋಡಿಸಿದ ರೋಟರಿನ) ಮೂರು ಹಂತದ ಮೋಟಾರು ಮಾಡಿದವನು. 1891ರಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದ ಸಾಹಸದಲ್ಲಿ ಮುಂದಿದ್ದವನು. ಟ್ಯುರಿನ್‌ನ ಗೆಲಿಲಿಯೊ ಫೆರಾರಿಸ್ ತಿರುಗುವ ಕ್ಷೇತ್ರದ ಪ್ರಬಂಧ ಮಂಡಿಸಿದ್ದು 1888ರ ಮಾರ್ಚ್‌ನಲ್ಲಿ, ಟೆಸ್ಲಾನ ಉಪನ್ಯಾಸಕ್ಕಿಂತ ಎರಡು ತಿಂಗಳು ಮೊದಲು. ಅದೇ ವರ್ಷ ವೆಸ್ಟಿಂಗ್‌ಹೌಸ್‌ನಲ್ಲೇ ಆಲಿವರ್ ಶಾಲೆನ್‌ಬರ್ಗರ್ ಅದೇ ತತ್ತ್ವದಿಂದ ವಿದ್ಯುತ್ ಮೀಟರು ಮಾಡಿದ. ಇವರನ್ನೆಲ್ಲ ಹೊರಗಿಟ್ಟ ಟೆಸ್ಲಾ ಪುಸ್ತಕ ಕೈಗೆ ಬಂದರೆ ಅದನ್ನು ಭಕ್ತಿಗ್ರಂಥವೆಂದೇ ತಿಳಿಯಬೇಕು. ಪರ್ಯಾಯ ವಿದ್ಯುತ್ತನ್ನೇ ಟೆಸ್ಲಾ ಕಂಡುಹಿಡಿದ ಎಂದು ಬರೆದಿದ್ದರಂತೂ ಮುಂದೆ ಓದುವ ಅಗತ್ಯವಿಲ್ಲ. 1885ರಲ್ಲೇ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು ಮುಚ್ಚಿದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮಾಡಿದ್ದರು. 1886ರಲ್ಲಿ ವಿಲಿಯಂ ಸ್ಟ್ಯಾನ್ಲಿ ಗ್ರೇಟ್ ಬ್ಯಾರಿಂಗ್ಟನ್ ಊರಿಗೆ ದೀಪ ಹಚ್ಚಿದ್ದ. ಇಲ್ಲದಿದ್ದದ್ದು ಒಳ್ಳೆಯ ಮೋಟಾರು.

ಯಾವುದೇ ಟೆಸ್ಲಾ ಪುಸ್ತಕವನ್ನು ಅಂಗಡಿಯಲ್ಲೇ ನಿಂತು ಹತ್ತು ನಿಮಿಷದಲ್ಲಿ ತೂಗಿ ನೋಡಲು ಇನ್ನೂ ಕೆಲವು ಜಾಗಗಳಿವೆ. ಎಡಿಸನ್ 50,000 ಡಾಲರ್ ಕೊಡುತ್ತೇನೆಂದು ಮೋಸ ಮಾಡಿದ ಕಥೆ: ಟೆಸ್ಲಾ 1919ರಲ್ಲಿ ಬರೆದ ಆತ್ಮಕಥನದಲ್ಲಿ ಆ ಮಾತು ಕೊಟ್ಟವನು ಮ್ಯಾನೇಜರು, ಎಡಿಸನ್ ಅಲ್ಲ. 1943ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರೇಡಿಯೊದ ಜನಕ ಟೆಸ್ಲಾ ಎಂದು ಘೋಷಿಸಿತು ಎಂಬುದು: ಕೋರ್ಟು ಮಾಡಿದ್ದು ಮಾರ್ಕೋನಿಯ ಒಂದು ಪೇಟೆಂಟಿನ ಹಕ್ಕುಗಳನ್ನು ಲಾಡ್ಜ್, ಟೆಸ್ಲಾ, ಜಾನ್ ಸ್ಟೋನ್ ಸ್ಟೋನ್ ಇವರ ಮುಂಚಿನ ಕೆಲಸದ ಆಧಾರದಲ್ಲಿ ಅಸಿಂಧುಗೊಳಿಸಿದ್ದು ಮಾತ್ರ. ಮಿಂಚಿನ ಮಳೆಯ ಕೆಳಗೆ ಟೆಸ್ಲಾ ನಿಶ್ಚಿಂತೆಯಿಂದ ಕೂತು ಓದುತ್ತಿರುವ ಫೋಟೊ: ಒಂದೇ ಫಲಕದ ಮೇಲೆ ಎರಡು ಸಲ ತೆಗೆದದ್ದು, ಕಿಡಿ ಬೇರೆ ಹೊತ್ತಿನದು, ಮನುಷ್ಯ ಬೇರೆ ಹೊತ್ತಿನವನು. 26 ಮೈಲು ದೂರದಲ್ಲಿ ತಂತಿಯಿಲ್ಲದೆ 200 ದೀಪ ಹಚ್ಚಿದ ಎಂಬುದಕ್ಕೆ ಅವನದೇ ಪ್ರಯೋಗದ ದಿನಚರಿಯಲ್ಲಿ ಆಧಾರವಿಲ್ಲ.

ಆ ದಿನಚರಿ ಬರೆದದ್ದು 1899ರ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಪುಸ್ತಕದ ಎರಡನೆಯ ದೊಡ್ಡ ಗೆಲುವು ಇಲ್ಲಿದೆ. ಸಿರಿವಂತ ಜಾನ್ ಜೇಕಬ್ ಆಸ್ಟರ್ 30,000 ಡಾಲರ್ ಕೊಟ್ಟದ್ದು ಹೊಸ ಬಗೆಯ ದೀಪಗಳಿಗಾಗಿ. ಟೆಸ್ಲಾ ಅದನ್ನು ತೆಗೆದುಕೊಂಡು ಭೂಮಿಯನ್ನೇ ಮಿಡಿಸಲು ಹೊರಟ. ಜುಲೈ 3ರ ಸಿಡಿಲಿನ ಮಳೆ ದೂರ ಸರಿಯುತ್ತಿದ್ದಾಗ ಅವನ ಗ್ರಾಹಕದಲ್ಲಿ ಸಂಕೇತ ಏರಿತು, ಇಳಿಯಿತು, ಮತ್ತೆ ಏರಿತು. ಭೂಮಿಯಲ್ಲಿ ಸ್ಥಾಯಿ ತರಂಗ, ಅಂದರೆ ಮುಂದೆ ಸಾಗದೆ ಒಂದೇ ಜಾಗದಲ್ಲಿ ಏರಿಳಿಯುವ ಅಲೆ, ನಿಂತಿದೆ ಎಂದು ಅವನು ತೀರ್ಮಾನಿಸಿದ. ಸುತ್ತಲಿನ ಬೆಟ್ಟಗಳಿಗೆ ಬಡಿದು ಮರಳಿದ ಅಲೆಗಳೂ ಇಂಥದೇ ಏರಿಳಿತ ಕೊಡಬಲ್ಲವು. ಕಾರ್ಲ್‌ಸನ್ ಆರೋಪ ಸೌಮ್ಯ, ಆದರೆ ತೀಕ್ಷ್ಣ: ಟೆಸ್ಲಾ ತನ್ನ ಊಹೆಯನ್ನು ಗಟ್ಟಿ ಮಾಡುವ ಸಾಕ್ಷಿ ಹುಡುಕಿದ, ಅದನ್ನು ಮುರಿಯಬಲ್ಲ ಪರೀಕ್ಷೆ ಮಾಡಲಿಲ್ಲ.

ಆ ಪರೀಕ್ಷೆ ಎಷ್ಟು ಸುಲಭವಾಗಿತ್ತು ಎಂದು ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ಆವರ್ತನ 100 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ, ಅವನ ಯಂತ್ರದ ಆಸುಪಾಸಿನದೇ. ತರಂಗದ ಉದ್ದ ಸುಮಾರು 3 ಕಿಲೋಮೀಟರ್. ಸ್ಥಾಯಿ ತರಂಗವಾದರೆ ಪ್ರತಿ ಒಂದೂವರೆ ಕಿಲೋಮೀಟರಿಗೆ ಒಂದು ಸಂಕೇತ ಸೊನ್ನೆಯಾಗುವ ಜಾಗ, ಎರಡರ ನಡುವೆ ಸಂಕೇತ ಪೂರ್ಣವಾಗುವ ಜಾಗ ಸಿಗಬೇಕು. ಕುದುರೆ ಗಾಡಿಯಲ್ಲಿ ಒಂದು ಗ್ರಾಹಕ ಇಟ್ಟುಕೊಂಡು 15 ಕಿಲೋಮೀಟರ್ ಹೋಗಿದ್ದರೆ ಹತ್ತು ಸಲ ಏರಿಳಿತ ಕಾಣಬೇಕಿತ್ತು. ಕಾಣದೆ, ದೂರ ಹೋದಂತೆ ಸಂಕೇತ ಸುಮ್ಮನೆ ಕ್ಷೀಣಿಸಿದ್ದರೆ ಊಹೆ ತಪ್ಪು ಎಂದು ಅಲ್ಲೇ ಗೊತ್ತಾಗುತ್ತಿತ್ತು. ಭೂಮಿಗೆ ಅನುರಣನವೇ ಇಲ್ಲವೆಂದಲ್ಲ. ನೆಲಕ್ಕೂ, ಮೇಲಿನ ವಾತಾವರಣದ ವಿದ್ಯುದಾವೇಶದ ಪದರವಾದ ಅಯಾನುಗೋಲಕ್ಕೂ ನಡುವಿನ ಪೊಳ್ಳಿಗೆ ಅದು ಇದೆ, ಆದರೆ ಮೊದಲ ಸ್ವರ 7.83 ಹರ್ಟ್ಸಿನ ಹತ್ತಿರ. ಟೆಸ್ಲಾನ ಯಂತ್ರ ಅದಕ್ಕಿಂತ ಹತ್ತು ಸಾವಿರ ಪಟ್ಟು ಮೇಲೆ ಹಾಡುತ್ತಿತ್ತು.

ಈ ಪರೀಕ್ಷಿಸದ ಊಹೆಯ ಮೇಲೆಯೇ ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್ ಗೋಪುರ ಎದ್ದಿತು: 187 ಅಡಿ ಎತ್ತರ, ಕೆಳಗೆ ನೆಲದೊಳಗೆ ಇಳಿದ ಬಾವಿ, 1901ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಒಪ್ಪಿದ 150,000 ಡಾಲರ್. ಮಾರ್ಗನ್ ಕೊಂಡದ್ದು ಸಾಗರದಾಚೆಗೆ ಸಂದೇಶ ಕಳಿಸುವ ವ್ಯವಸ್ಥೆ. ಅದೇ ವರ್ಷ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ದಾಟಿದ ಸಂಕೇತ ಹಿಡಿದೆ ಎಂದ ಮೇಲೆ ಟೆಸ್ಲಾ ಚಿಕ್ಕದನ್ನು ಮಾಡಿ ತೋರಿಸುವ ಬದಲು ದೊಡ್ಡದನ್ನು ಕೇಳಿದ, ಶಕ್ತಿಯನ್ನೇ ಕಳಿಸುತ್ತೇನೆ ಎಂದ. 1903ರಲ್ಲಿ ಮಾರ್ಗನ್ ಇನ್ನು ಹಣ ಇಲ್ಲ ಎಂದುಬಿಟ್ಟ. ಉಚಿತ ವಿದ್ಯುತ್ತಿಗೆ ಮೀಟರು ಹಾಕಲಾಗದೆಂದು ಬಂಡವಾಳಶಾಹಿ ಗೋಪುರ ಕೆಡವಿದ ಎಂಬ ಜನಪ್ರಿಯ ಕಥೆಗಿಂತ ಇಲ್ಲಿನ ವಿವರಣೆ ನೋವಿನದು: ಪೆಕ್ ಇದ್ದಿದ್ದರೆ ಮೊದಲು ಒಂದು ಸಂದೇಶ ಕಳಿಸಿ ತೋರಿಸು ಎನ್ನುತ್ತಿದ್ದ. 1917ರಲ್ಲಿ ಗೋಪುರ ಉರುಳಿತು.

ಕೊರತೆಗಳನ್ನೂ ಹೇಳಬೇಕು. ಬಾಲ್ಯದ ಅಧ್ಯಾಯ ಹೆಚ್ಚುಕಡಿಮೆ ಟೆಸ್ಲಾ ಅರವತ್ತು ದಾಟಿದ ಮೇಲೆ ಬರೆದುಕೊಂಡ ನೆನಪುಗಳ ಮೇಲೆ ನಿಂತಿದೆ. ಬುಡಾಪೆಸ್ಟಿನ ಕಥೆಯನ್ನು ಸೋಸಿದ ಜರಡಿ ಇಲ್ಲಿ ಸಡಿಲ. ತಂದೆ ಆರ್ಥೊಡಾಕ್ಸ್ ಪಾದ್ರಿಯಾಗಿದ್ದರಿಂದ ಮೂಲರೂಪದ ಹುಡುಕಾಟ ಬಂತು ಎಂಬಂಥ ಎಳೆಗಳು ಓದಲು ಚೆನ್ನ, ಸಾಬೀತಾಗುವುದು ಕಷ್ಟ. ‘ಐಡಿಯಲ್’ ಎಂಬ ಪದವನ್ನು ಮೋಟಾರಿಗೆ ಹಚ್ಚಿದಾಗ ಇರುವ ಬಿಗಿ ನಿಸ್ತಂತು ಶಕ್ತಿಗೆ ಹಚ್ಚಿದಾಗ ಉಳಿಯುವುದಿಲ್ಲ. ಅಲ್ಲಿ ಮೂಲರೂಪ ಯಾವುದು, ಬರೀ ಹಂಬಲ ಯಾವುದು ಎಂಬ ಗೆರೆ ಮಸುಕಾಗುತ್ತದೆ.

ದೊಡ್ಡ ಕೊರತೆ ಕೊನೆಯಲ್ಲಿದೆ. 1905ರಿಂದ 1943ರವರೆಗಿನ 38 ವರ್ಷಕ್ಕೆ ಒಂದೇ ಅಧ್ಯಾಯ. 1913ರಲ್ಲಿ ಪೇಟೆಂಟ್ ಪಡೆದ ಅಲಗಿಲ್ಲದ ಟರ್ಬೈನಿಗೆ ಮೋಟಾರಿಗೆ ಸಿಕ್ಕಷ್ಟೇ ತಾಳ್ಮೆಯ ವಿವರಣೆ ಬೇಕಿತ್ತು. ಒತ್ತೊತ್ತಾಗಿ ಜೋಡಿಸಿದ ತೆಳು ತಟ್ಟೆಗಳ ನಡುವೆ ಉಗಿ ಸುರುಳಿಯಾಗಿ ಹರಿದು, ತಟ್ಟೆಗೆ ಅಂಟಿಕೊಳ್ಳುವ ಗುಣದಿಂದಲೇ ಅವನ್ನು ಎಳೆದೊಯ್ಯುವ ಯಂತ್ರ ಅದು. ತತ್ತ್ವ ಮೋಟಾರಿನಷ್ಟೇ ಸೊಗಸು. ಆದರೆ 18 ಅಂಗುಲದ ತಟ್ಟೆಯನ್ನು ನಿಮಿಷಕ್ಕೆ 9,000 ಸುತ್ತು ತಿರುಗಿಸಿದರೆ ಅಂಚಿನ ವೇಗ ಸೆಕೆಂಡಿಗೆ 215 ಮೀಟರ್ ದಾಟುತ್ತದೆ; ಆ ಸೆಳೆತಕ್ಕೆ, ಆ ಬಿಸಿಗೆ ಅಂದಿನ ಉಕ್ಕಿನ ತೆಳು ತಟ್ಟೆ ಸೊಟ್ಟಗಾಗುತ್ತಿತ್ತು. ತಟ್ಟೆ ದಪ್ಪ ಮಾಡಿದರೆ ತೂಕ ಏರುತ್ತದೆ, ನಡುವಿನ ಸಂದು ಅಗಲ ಮಾಡಿದರೆ ಉಗಿಯ ಹಿಡಿತ ತಪ್ಪುತ್ತದೆ. ಸ್ಟ್ರಾಸ್‌ಬರ್ಗಿನ ಅರದ ಕಥೆಯನ್ನು ಅಷ್ಟು ಚೆನ್ನಾಗಿ ಹೇಳಿದ ಲೇಖಕರು ಈ ತಟ್ಟೆಗಳ ಮೇಲೆ ಇನ್ನಿಪ್ಪತ್ತು ಪುಟ ಕೊಟ್ಟಿದ್ದರೆ ಟೆಸ್ಲಾನ ಕೊನೆಗಾಲ ಪಾರಿವಾಳ ಮತ್ತು ಹೋಟೆಲ್ ಬಾಕಿಯ ಕಥೆಯಾಗಿ ಮುಗಿಯುತ್ತಿರಲಿಲ್ಲ.

ಕೊಳ್ಳುವವರಿಗೆ: ಕಾಗದದ ಪ್ರತಿಯೇ ಇರಲಿ. ಪೇಟೆಂಟ್ ಚಿತ್ರಗಳ ಸಣ್ಣ ಅಕ್ಷರ ಗುರುತುಗಳು ಚಿಕ್ಕ ಪರದೆಯ ಮೇಲೆ ಕಲಸಿಹೋಗುತ್ತವೆ. ಕೇಳುವ ಪುಸ್ತಕದಲ್ಲಂತೂ ಚಿತ್ರವೇ ಇರುವುದಿಲ್ಲ. ಇಂಗ್ಲಿಷ್ ಸರಳ, ಹತ್ತನೆಯ ತರಗತಿಯ ವಿದ್ಯುತ್ ಪಾಠ ನೆನಪಿದ್ದರೆ ಸಾಕು, ಗಣಿತ ಇಲ್ಲವೇ ಇಲ್ಲ ಎನ್ನಬಹುದು. ಮೊದಲ ಓದಿಗೆ ಬಾಲ್ಯ ಬಿಟ್ಟು 1882ರಿಂದ ಹಿಡಿಯಿರಿ, 1889ರವರೆಗೆ ನಿಧಾನವಾಗಿ, ದಿನಕ್ಕೆ ಒಂದು ಅಧ್ಯಾಯ ಮೀರದಂತೆ ಹೋಗಿ. 1891ರಿಂದ 1898ರವರೆಗಿನ ಉಪನ್ಯಾಸ, ಔತಣ, ಪ್ರದರ್ಶನಗಳ ಪುಟಗಳನ್ನು ವೇಗವಾಗಿ ದಾಟಬಹುದು. ನಿಲ್ಲಬೇಕಾದದ್ದು 1891ರ ಅಧಿಕ ಆವರ್ತನದ ಟ್ರಾನ್ಸ್‌ಫಾರ್ಮರ್ ಮತ್ತು 1898ರ ದೂರನಿಯಂತ್ರಿತ ದೋಣಿಯ ಬಳಿ ಮಾತ್ರ. ಕೊಲೊರಾಡೊದ ಅಧ್ಯಾಯವನ್ನು ಎರಡು ಸಲ ಓದಿ, ಎರಡನೆಯ ಸಲ ಪ್ರತಿ ತೀರ್ಮಾನದ ಪಕ್ಕದಲ್ಲಿ ‘ಅಳತೆ ಮಾಡಿದ್ದು’ ಅಥವಾ ‘ಊಹಿಸಿದ್ದು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಬಾಲ್ಯವನ್ನು ಕೊನೆಗೆ ಓದಿಕೊಳ್ಳಬಹುದು.